ಆರ್ಥಿಕ ಹಿಂಜರಿತ, ದುಡಿಮೆಯ ಮಾರುಕಟ್ಟೆ ಮತ್ತು ಮಾನವ ಸಂಪನ್ಮೂಲ ನಿರ್ವಹಣೆ: ಭಾರತ, 2020–21

ದೇಶದ ಒಟ್ಟು ಉತ್ಪನ್ನ ಬೆನ್ನುಬೆನ್ನಿಗೆ ಎರಡು ತ್ರೈಮಾಸಿಕ ಕುಗ್ಗಿದರೆ ಅದನ್ನು ಆರ್ಥಿಕ ಹಿಂಜರಿತ ಎನ್ನುವುದು ರೂಢಿ. ಅಮೆರಿಕದಲ್ಲಿ ಇದನ್ನು ಘೋಷಿಸುವ ಹೊಣೆ ರಾಷ್ಟ್ರೀಯ ಆರ್ಥಿಕ ಸಂಶೋಧನಾ ಬ್ಯೂರೋದ ಸಮಿತಿಯದು. ಅದು ಉತ್ಪನ್ನದ ಜೊತೆಗೆ ಉದ್ಯೋಗ, ವರಮಾನ, ಮಾರಾಟಗಳನ್ನೂ ನೋಡಿ ಹಿಂಜರಿತ ಯಾವ ತಿಂಗಳಲ್ಲಿ ಶುರುವಾಯಿತು, ಯಾವ ತಿಂಗಳಲ್ಲಿ ಮುಗಿಯಿತು ಎಂದು ಗುರುತಿಸುತ್ತದೆ. ಭಾರತದಲ್ಲಿ ಅಂಥ ಅಧಿಕೃತ ಸಮಿತಿ ಇಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಅಂಕಿಗಳನ್ನು ಪ್ರಕಟಿಸುತ್ತದೆ, ಹೆಸರಿಡುವ ಕೆಲಸ ಓದುಗರಿಗೆ ಬಿಟ್ಟದ್ದು.

ಸ್ವಾತಂತ್ರ್ಯಾನಂತರ ಭಾರತದ ಉತ್ಪನ್ನ ಇಡೀ ವರ್ಷದ ಲೆಕ್ಕದಲ್ಲಿ ಕುಗ್ಗಿದ್ದು ಬೆರಳೆಣಿಕೆಯಷ್ಟು ಸಲ: 1957–58, 1965–66, 1972–73, 1979–80 ಮತ್ತು 2020–21. ಮೊದಲ ನಾಲ್ಕರಲ್ಲೂ ಮುಖ್ಯವಾಗಿ ಮಳೆ ಕೈಕೊಟ್ಟಿತ್ತು. ಪೆಟ್ಟು ಹಳ್ಳಿಯಿಂದ ಹೊರಟು ಪೇಟೆಗೆ ಬರುತ್ತಿತ್ತು. ಐದನೆಯದು ತಿರುಗುಮುರುಗು. ಕೋವಿಡ್ ತಡೆಯಲು 2020ರ ಮಾರ್ಚ್ 25ರಿಂದ ಜಾರಿಯಾದ ಲಾಕ್‌ಡೌನ್‌ನಿಂದ ನಗರ ನಿಂತಿತು, ಹೊಲ ನಡೆಯಿತು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಉತ್ಪನ್ನ ಶೇ 23.9ರಷ್ಟು, ಜುಲೈ–ಸೆಪ್ಟೆಂಬರ್‌ನಲ್ಲಿ ಶೇ 7.5ರಷ್ಟು ಕುಸಿಯಿತೆಂದು ಮೊದಲ ಅಂದಾಜುಗಳು ಹೇಳಿದವು. ಇಡೀ ವರ್ಷದ ಕುಸಿತವನ್ನು ತಾತ್ಕಾಲಿಕ ಅಂದಾಜಿನಲ್ಲಿ ಶೇ 7.3 ಎಂದಿದ್ದು, ಪರಿಷ್ಕರಣೆಗಳ ನಂತರ ಶೇ 5.8ಕ್ಕೆ ಇಳಿಸಲಾಯಿತು. ಆ ವರ್ಷವೂ ಕೃಷಿ ಬೆಳೆದಿತ್ತು. ಈ ಒಂದು ಸಂಗತಿಯನ್ನು ಬಿಟ್ಟು ಆ ವರ್ಷದ ದುಡಿಮೆಯ ಮಾರುಕಟ್ಟೆಯನ್ನು ಅರ್ಥಮಾಡಿಕೊಳ್ಳಲು ಆಗದು.

ಹಿಂಜರಿತದಲ್ಲಿ ಕೆಲಸ ಕಳೆಯುವ ಬಗೆ

ಬೇಡಿಕೆ ಇಳಿದಾಗ ಸಂಸ್ಥೆಗಳು ಕೈಗೊಳ್ಳುವ ಕ್ರಮಗಳಿಗೆ ಒಂದು ಸರದಿ ಇದೆ. ಮೊದಲು ಹೊಸ ನೇಮಕ ನಿಲ್ಲುತ್ತದೆ. ಆಮೇಲೆ ಓವರ್‌ಟೈಮ್, ಬೋನಸ್, ವಾರ್ಷಿಕ ಬಡ್ತಿ. ಗುತ್ತಿಗೆಯವರನ್ನು ಬಿಡುವುದು ಅದರ ನಂತರ, ಕಾಯಂ ನೌಕರರ ತಲೆಗೆ ಕೈ ಹಾಕುವುದು ಕೊನೆಗೆ. ಹೊಸ ನೇಮಕ ನಿಂತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ. ಆದರೆ ಆ ವರ್ಷ ಕಾಲೇಜು ಮುಗಿಸಿದವರಿಗೆ ಬೀಳುವ ಪೆಟ್ಟು ಇದೇ. ಹಿಂಜರಿತದಲ್ಲಿ ಪದವಿ ಪಡೆದವರ ಗಳಿಕೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಂದೆಯೇ ಉಳಿಯುತ್ತದೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ.

ಉತ್ಪನ್ನದ ಇಳಿತಕ್ಕೂ ನಿರುದ್ಯೋಗದ ಏರಿಕೆಗೂ ಇರುವ ಸಂಬಂಧವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ 1962ರಲ್ಲಿ ಸೂತ್ರವಾಗಿಟ್ಟರು. ಉತ್ಪನ್ನ ಬಿದ್ದಷ್ಟು ಉದ್ಯೋಗ ಬೀಳುವುದಿಲ್ಲ ಎಂಬುದು ಅದರ ತಿರುಳು. ನುರಿತ ಕೆಲಸಗಾರನನ್ನು ಇಂದು ಬಿಟ್ಟರೆ ನಾಳೆ ಹುಡುಕಿ ತರಬೇತಿ ಕೊಡುವ ಖರ್ಚು ದೊಡ್ಡದು. ಅದಕ್ಕೇ ಸಂಸ್ಥೆಗಳು ಸ್ವಲ್ಪ ಕಾಲ ಕೆಲಸವಿಲ್ಲದಿದ್ದರೂ ಜನರನ್ನು ಇಟ್ಟುಕೊಳ್ಳುತ್ತವೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ‘ಬೆಂಚ್’ ಎನ್ನುವುದು ಹೀಗೆ ಕಾಯ್ದಿಟ್ಟವರ ಸಾಲಿಗೇ. ಬೆಂಚಿನ ಉದ್ದವನ್ನು ನೋಡಿಯೇ ಕಂಪನಿಯ ಆತ್ಮವಿಶ್ವಾಸ ಅಳೆಯಬಹುದು.

ಹಾಗಾದರೆ ಜನರನ್ನು ಬಿಡುವ ಬದಲು ಎಲ್ಲರ ಸಂಬಳವನ್ನೂ ಒಂದಿಷ್ಟು ಇಳಿಸಬಾರದೇಕೆ? ಯೇಲ್ ವಿಶ್ವವಿದ್ಯಾಲಯದ ಟ್ರೂಮನ್ ಬ್ಯೂಲಿ ಈ ಪ್ರಶ್ನೆಯನ್ನು ಹಿಡಿದು 1990ರ ದಶಕದ ಆರಂಭದಲ್ಲಿ ಅಮೆರಿಕದ ಈಶಾನ್ಯ ಭಾಗದ 300ಕ್ಕೂ ಹೆಚ್ಚು ವ್ಯವಸ್ಥಾಪಕರು, ಕಾರ್ಮಿಕ ಮುಖಂಡರು ಮೊದಲಾದವರನ್ನು ಮಾತಾಡಿಸಿದರು. 1999ರಲ್ಲಿ ಪುಸ್ತಕವಾಗಿ ಬಂದ ಅವರ ಉತ್ತರ ಸರಳ: ಸಂಬಳ ಕಡಿತವಾದರೆ ಉಳಿದವರೆಲ್ಲರ ಮನಸ್ಸು ಮುರಿಯುತ್ತದೆ, ಒಳ್ಳೆಯವರು ಮೊದಲು ಬಿಟ್ಟು ಹೋಗುತ್ತಾರೆ, ಕೆಲಸದಿಂದ ತೆಗೆದರೆ ನೊಂದವರು ಗೇಟಿನ ಹೊರಗಿರುತ್ತಾರೆ. ಕಟುವಾದರೂ ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡಿದವರು ಯಾರೂ ತಳ್ಳಿಹಾಕಲಾರದ ಮಾತು ಇದು.

ಜರ್ಮನಿ ಬೇರೆ ದಾರಿ ಹಿಡಿದಿದೆ. ಅಲ್ಲಿನ ‘ಕುರ್ತ್ಸ್‌ಆರ್ಬೈಟ್’ ವ್ಯವಸ್ಥೆಯಲ್ಲಿ ಕಾರ್ಖಾನೆ ಕೆಲಸದ ಗಂಟೆ ಇಳಿಸುತ್ತದೆ, ನಷ್ಟವಾದ ನಿವ್ವಳ ಸಂಬಳದ ಶೇ 60ನ್ನು, ಮಕ್ಕಳಿರುವವರಿಗೆ ಶೇ 67ನ್ನು, ನಿರುದ್ಯೋಗ ವಿಮೆ ತುಂಬಿಕೊಡುತ್ತದೆ. 2009ರಲ್ಲಿ ಜರ್ಮನಿಯ ಉತ್ಪನ್ನ ಶೇ 5ಕ್ಕೂ ಹೆಚ್ಚು ಬಿದ್ದರೂ ನಿರುದ್ಯೋಗ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ವರ್ಷ ಸುಮಾರು 15 ಲಕ್ಷ ಜನ ಈ ವ್ಯವಸ್ಥೆಯೊಳಗಿದ್ದರು, 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ. 2008–09ರ ಮಹಾ ಹಿಂಜರಿತದಲ್ಲಿ ಅಮೆರಿಕ ಸುಮಾರು 87 ಲಕ್ಷ ಉದ್ಯೋಗ ಕಳೆದುಕೊಂಡಿತು. ನಿರುದ್ಯೋಗ 2009ರ ಅಕ್ಟೋಬರ್‌ನಲ್ಲಿ ಶೇ 10 ಮುಟ್ಟಿತು. ಕಳೆದುಹೋದ ಉದ್ಯೋಗಗಳ ಲೆಕ್ಕ ಸರಿಹೋಗುವಾಗ 2014 ಬಂದಿತ್ತು.

ಭಾರತದ ಅಂಕಿಗಳ ಒಗಟು

ಅಮೆರಿಕ, ಜರ್ಮನಿಗಳ ಈ ಅಳತೆಗೋಲು ಹಿಡಿದು ಭಾರತಕ್ಕೆ ಬಂದರೆ ಒಂದು ವಿಚಿತ್ರ ಎದುರಾಗುತ್ತದೆ. ಸರ್ಕಾರದ ನಿಯತಕಾಲಿಕ ಶ್ರಮಿಕ ಬಲ ಸಮೀಕ್ಷೆಯ ಪ್ರಕಾರ ವಾರ್ಷಿಕ ನಿರುದ್ಯೋಗದ ದರ 2018–19ರಲ್ಲಿ ಶೇ 5.8, 2019–20ರಲ್ಲಿ ಶೇ 4.8, 2020–21ರಲ್ಲಿ ಶೇ 4.2. ಸಮೀಕ್ಷೆಯ ವರ್ಷ ಜುಲೈನಿಂದ ಜೂನ್‌ವರೆಗೆ. ದೇಶ ಕಂಡ ದೊಡ್ಡ ಹಿಂಜರಿತದ ವರ್ಷಗಳಲ್ಲಿ ನಿರುದ್ಯೋಗ ಇಳಿಯಿತು!

ಲೆಕ್ಕದಲ್ಲಿ ಮೋಸವಿಲ್ಲ, ಅಳೆಯುವ ಬಗೆ ಬೇರೆ. ವರ್ಷದಲ್ಲಿ ಹೆಚ್ಚು ಕಾಲ, ಅಥವಾ ಉಪವೃತ್ತಿಯಾಗಿ 30 ದಿನವಾದರೂ, ಏನಾದರೊಂದು ಕೆಲಸ ಮಾಡಿದವರು ಉದ್ಯೋಗಸ್ಥರು. ಬೆಂಗಳೂರಿನ ಗಾರೆ ಕೆಲಸ ಬಿಟ್ಟು ರಾಯಚೂರಿನ ಹಳ್ಳಿಗೆ ಮರಳಿ ಅಣ್ಣನ ಹೊಲದಲ್ಲಿ ಕೂಲಿಯಿಲ್ಲದೆ ಕಳೆ ಕಿತ್ತವನೂ ಉದ್ಯೋಗಸ್ಥನೇ. ನಿರುದ್ಯೋಗಿಯಾಗಿ ಕೂತು ಕೆಲಸ ಹುಡುಕಲು ಕೈಯಲ್ಲಿ ಒಂದಿಷ್ಟು ಕಾಸು ಬೇಕು, ಇಲ್ಲವೇ ಜರ್ಮನಿಯಂಥ ವಿಮೆ ಬೇಕು. ಎರಡೂ ಇಲ್ಲದವರು ಸಿಕ್ಕಿದ ಕೆಲಸಕ್ಕೆ ಇಳಿಯುತ್ತಾರೆ. ಹೀಗಾಗಿ ಕೃಷಿಯಲ್ಲಿ ದುಡಿಯುವವರ ಪಾಲು 2018–19ರಲ್ಲಿ ಶೇ 42.5 ಇದ್ದದ್ದು 2020–21ಕ್ಕೆ ಶೇ 46.5ಕ್ಕೇರಿತು. ಹಲವು ದಶಕ ಹೊಲದಿಂದ ಹೊರಗೆ ಹರಿದಿದ್ದ ಜನ ಹಿಂದಕ್ಕೆ ಹರಿದರು. 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುತ್ತಿದ್ದ ಅಥವಾ ಕೆಲಸ ಹುಡುಕುತ್ತಿದ್ದವರ ಪಾಲೂ ಶೇ 24.5ರಿಂದ ಶೇ 32.5ಕ್ಕೆ ಏರಿತು, ಅದರ ಬಹುಪಾಲು ಸ್ವಂತ ದುಡಿಮೆ ಮತ್ತು ಮನೆಯ ಹೊಲ-ಅಂಗಡಿಯಲ್ಲಿ ಸಂಬಳವಿಲ್ಲದ ನೆರವು. ಇದನ್ನು ಪ್ರಗತಿ ಎಂದು ಹೊಗಳಿದವರೂ ಇದ್ದಾರೆ. ಅದನ್ನು ಸಂಕಟದ ದುಡಿಮೆ ಎಂದು ಓದುವುದೇ ಸರಿ.

ವಾರದ ಲೆಕ್ಕ ಹಿಡಿದರೆ ಚಿತ್ರ ಬೇರೆ. ಅದೇ ಸಮೀಕ್ಷೆಯ ನಗರ ವರದಿಯಲ್ಲಿ 2020ರ ಜನವರಿ–ಮಾರ್ಚ್‌ನಲ್ಲಿ ಶೇ 9ರ ಆಸುಪಾಸಿನಲ್ಲಿದ್ದ ನಿರುದ್ಯೋಗ ಮುಂದಿನ ತ್ರೈಮಾಸಿಕದಲ್ಲಿ ಶೇ 20ನ್ನು ದಾಟಿತ್ತು. ಖಾಸಗಿ ಸಂಸ್ಥೆ ಸಿಎಂಐಇ ತನ್ನ ಮನೆಮನೆ ಸಮೀಕ್ಷೆಯಿಂದ ಏಪ್ರಿಲ್ ಒಂದೇ ತಿಂಗಳಲ್ಲಿ 12.2 ಕೋಟಿ ಜನ ಕೆಲಸ ಕಳೆದುಕೊಂಡರೆಂದು ಅಂದಾಜಿಸಿತು. ಅವರಲ್ಲಿ ದಿನಗೂಲಿಯವರು, ಬೀದಿ ವ್ಯಾಪಾರಿಗಳು ಲಾಕ್‌ಡೌನ್ ಸಡಿಲವಾದಂತೆ ಬೇಗ ಮರಳಿದರು. ಸಂಬಳದ ಕೆಲಸ ಮರಳಲಿಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ಅಂಥ 1.89 ಕೋಟಿ ಉದ್ಯೋಗ ಹೋಗಿದ್ದವೆಂದು ಅದೇ ಸಂಸ್ಥೆಯ ಲೆಕ್ಕ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ವರದಿ ಇದನ್ನೇ ಇನ್ನಷ್ಟು ಬಿಡಿಸಿತು: 2019ರ ಕೊನೆಗೆ ಔಪಚಾರಿಕ ಸಂಬಳದ ಕೆಲಸದಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ವರ್ಷದ ನಂತರ ಅನೌಪಚಾರಿಕ ದುಡಿಮೆಗೆ ಜಾರಿದ್ದರು. ಗಂಡಸರಲ್ಲಿ ಕೆಲಸ ಕಳೆದುಕೊಂಡು ಮರಳದವರು ಶೇ 7, ಹೆಂಗಸರಲ್ಲಿ ಶೇ 47.

ಇದಕ್ಕೆ ಹಿಂದಿನ ಜಾಗತಿಕ ಬಿಕ್ಕಟ್ಟಿನಲ್ಲಿ, 2008–09ರಲ್ಲಿ, ಭಾರತದ ಬೆಳವಣಿಗೆ ನಿಧಾನವಾಯಿತೇ ಹೊರತು ಹಿಂಜರಿತ ಬರಲಿಲ್ಲ. ಆದರೂ 2008ರ ಕೊನೆಯ ಮೂರು ತಿಂಗಳಲ್ಲಿ ಆಯ್ದ ಎಂಟು ವಲಯಗಳಲ್ಲಿ ಸುಮಾರು 5 ಲಕ್ಷ ಉದ್ಯೋಗ ಹೋದವೆಂದು ಕೇಂದ್ರದ ಕಾರ್ಮಿಕ ಬ್ಯೂರೋ ಹೇಳಿತ್ತು. ಸೂರತ್ತಿನ ವಜ್ರದ ಕೆಲಸಗಾರರು ಅದರ ದೊಡ್ಡ ಬಲಿ.

ಕಾನೂನಿನ ಚೌಕಟ್ಟು

2020ರಲ್ಲಿ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಇದರಲ್ಲಿ ಲೇಆಫ್ ಎಂದರೆ ಹಾಜರಿ ಪುಸ್ತಕದಲ್ಲಿ ಹೆಸರಿಟ್ಟುಕೊಂಡೇ ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು. 50 ಅಥವಾ ಹೆಚ್ಚು ಕೆಲಸಗಾರರ ಕಾರ್ಖಾನೆಯಲ್ಲಿ, ಒಂದು ವರ್ಷ ಸೇವೆ ಮಾಡಿದವರಿಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕಿತ್ತು. ಪೂರ್ತಿ ತೆಗೆದುಹಾಕುವುದು ರಿಟ್ರೆಂಚ್‌ಮೆಂಟ್. ಅದಕ್ಕೆ ಒಂದು ತಿಂಗಳ ನೋಟಿಸು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ಕೊನೆಗೆ ಸೇರಿದವರು ಮೊದಲು ಹೋಗಬೇಕಿತ್ತು. ಮತ್ತೆ ನೇಮಕ ಮಾಡುವಾಗ ತೆಗೆದವರಿಗೇ ಮೊದಲ ಅವಕಾಶ. ದೊಡ್ಡ ಕಾರ್ಖಾನೆ, ಗಣಿ, ತೋಟಗಳು ಸರ್ಕಾರದ ಪೂರ್ವಾನುಮತಿಯನ್ನೂ ಪಡೆಯಬೇಕಿತ್ತು. ತುರ್ತು ಪರಿಸ್ಥಿತಿಯ 1976ರಲ್ಲಿ ಬಂದ ಈ ನಿಯಮ ಆಗ 300 ಕೆಲಸಗಾರರ ಘಟಕಗಳಿಗಿತ್ತು, 1980ರ ದಶಕದಲ್ಲಿ 100ಕ್ಕೆ ಇಳಿಯಿತು.

ಕಾಗದದ ಮೇಲೆ ಇದು ಅಮೆರಿಕದ ಕೆಲಸಗಾರನಿಗೆ ಕನಸಿನಲ್ಲೂ ಸಿಗದ ರಕ್ಷಣೆ. ಆದರೆ ರಕ್ಷಣೆ ಹಾಜರಿ ಪುಸ್ತಕದ ಅಂಚಿಗೆ ನಿಲ್ಲುತ್ತಿತ್ತು. ಕೃಷಿಯೇತರ ಕ್ಷೇತ್ರದಲ್ಲಿ ತಿಂಗಳ ಸಂಬಳ ಪಡೆಯುವವರಲ್ಲೇ ಸುಮಾರು ಮೂರನೇ ಎರಡು ಪಾಲು ಜನರಿಗೆ ಆಗ ಲಿಖಿತ ನೇಮಕಾತಿ ಪತ್ರವಿರಲಿಲ್ಲವೆಂದು ಸರ್ಕಾರಿ ಸಮೀಕ್ಷೆಯೇ ಹೇಳಿತ್ತು. ಮೇಸ್ತ್ರಿಯ ಡೈರಿಯಲ್ಲಿ ಮಾತ್ರ ಹೆಸರಿರುವವನಿಗೆ ನೋಟಿಸು ಕೊಡುವುದು ಯಾರು? ಇನ್ನೊಂದು ತುದಿಯಲ್ಲಿ ಸಾಫ್ಟ್‌ವೇರ್ ನೌಕರರು. ಅವರು ಕಾಯ್ದೆಯ ಅರ್ಥದಲ್ಲಿ ಕೆಲಸಗಾರರೇ ಎಂಬ ತಕರಾರು ಹಳೆಯದು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ, ಸೇವಾ ಷರತ್ತುಗಳನ್ನು ಲಿಖಿತವಾಗಿ ಇಡಬೇಕೆನ್ನುವ ಸ್ಥಾಯಿ ಆದೇಶ ಕಾಯ್ದೆಯಿಂದ ಕೊಡುತ್ತ ಬಂದ ವಿನಾಯಿತಿಯನ್ನು 2014ರಲ್ಲಿ ಷರತ್ತುಗಳೊಂದಿಗೆ, 2019ರಲ್ಲಿ ಮತ್ತೆ, ಮುಂದುವರಿಸಿತ್ತು.

ಲಾಕ್‌ಡೌನ್ ಶುರುವಾದ ವಾರದಲ್ಲೇ, ಮಾರ್ಚ್ 29ರಂದು, ಕೇಂದ್ರ ಗೃಹ ಸಚಿವಾಲಯ ಎಲ್ಲ ಮಾಲೀಕರೂ ಪೂರ್ತಿ ಸಂಬಳ ಕೊಡಬೇಕೆಂದು ಆದೇಶಿಸಿತು. ಹಣ ಎಲ್ಲಿಂದ ಎಂಬುದನ್ನು ಹೇಳಲಿಲ್ಲ. ಸಣ್ಣ ಉದ್ಯಮಿಗಳು ನ್ಯಾಯಾಲಯಕ್ಕೆ ಹೋದರು. ಮೇ 18ರಿಂದ ಆದೇಶ ಹಿಂದೆ ಸರಿಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರು ಮತ್ತು ಕೆಲಸಗಾರರು ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಲಿ ಎಂದಿತು. ಬ್ರಿಟನ್ ಆ ಹೊತ್ತಿಗೆ ರಜೆಯ ಮೇಲಿದ್ದ ನೌಕರರ ಸಂಬಳದ ಶೇ 80ನ್ನು ಮಿತಿಯೊಳಗೆ ಖಜಾನೆಯಿಂದಲೇ ಕೊಡುತ್ತಿತ್ತು. ಭಾರತ ಕೊಟ್ಟದ್ದು ಚೂರುಪಾರು: ಮೂರು ತಿಂಗಳ ಮೂಲ ವೇತನ-ತುಟ್ಟಿಭತ್ಯೆ ಅಥವಾ ಖಾತೆಯ ಶೇ 75, ಇವೆರಡರಲ್ಲಿ ಕಡಿಮೆಯಾದಷ್ಟನ್ನು, ತಮ್ಮದೇ ಪಿಎಫ್‌ನಿಂದ ತೆಗೆದುಕೊಳ್ಳುವ ಅವಕಾಶ; ಸಣ್ಣ ಸಂಸ್ಥೆಗಳ ಕಡಿಮೆ ಸಂಬಳದವರ ಪಿಎಫ್ ಕಂತನ್ನು ಕೆಲವು ತಿಂಗಳು ಸರ್ಕಾರವೇ ಕಟ್ಟುವುದು; ಇಎಸ್‌ಐ ಇರುವವರಿಗೆ 90 ದಿನದವರೆಗೆ ನಿರುದ್ಯೋಗ ಭತ್ಯೆ, ಅದನ್ನು ವೇತನದ ಶೇ 25ರಿಂದ ಶೇ 50ಕ್ಕೆ ಏರಿಸಿದ್ದು ಆಗಸ್ಟ್‌ನಲ್ಲಿ. ಸ್ವಂತ ಉಳಿತಾಯ ಮುರಿಯಲು ಬಿಡುವುದನ್ನು ಪರಿಹಾರ ಎನ್ನುವುದು ಉದಾರ ಮಾತು.

ನಿಜವಾಗಿ ಕೈಹಿಡಿದದ್ದು ಗ್ರಾಮೀಣ ಉದ್ಯೋಗ ಖಾತರಿ ಯೋಜನೆ. 2020–21ರಲ್ಲಿ 7.5 ಕೋಟಿ ಕುಟುಂಬಗಳು ಅದರಲ್ಲಿ ದುಡಿದವು, 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಬಜೆಟ್‌ನ 61,500 ಕೋಟಿ ರೂಪಾಯಿಗೆ ಮೇಲಿಂದ 40,000 ಕೋಟಿ ಸೇರಿಸಬೇಕಾಯಿತು. ಕರ್ನಾಟಕದಲ್ಲಿ ದಿನಕ್ಕೆ 275 ರೂಪಾಯಿ. ಪದವೀಧರರೂ ಕೆರೆಯ ಹೂಳೆತ್ತಿದರು. ನಗರಕ್ಕೆ ಅಂಥ ದೇಶವ್ಯಾಪಿ ಖಾತರಿ ಇರಲಿಲ್ಲ.

ಸಂಸ್ಥೆಗಳ ಒಳಗೆ

ದೊಡ್ಡ ಐಟಿ ಕಂಪನಿಗಳು ಸರದಿಯ ಮೊದಲ ಮೆಟ್ಟಿಲುಗಳಲ್ಲೇ ನಿಂತವು. ಟಿಸಿಎಸ್ 40,000 ಹೊಸಬರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದಾಗಿ, ಆದರೆ ಸಂಬಳ ಏರಿಸುವುದಿಲ್ಲವೆಂದು ಏಪ್ರಿಲ್‌ನಲ್ಲೇ ಹೇಳಿತು. ಇನ್ಫೊಸಿಸ್ ಕೂಡ ಬಡ್ತಿ, ಏರಿಕೆಗಳನ್ನು ತಡೆಹಿಡಿಯಿತು. ಬೆಂಗಳೂರಿನ ನವೋದ್ಯಮಗಳಲ್ಲಿ ಹಾಗಾಗಲಿಲ್ಲ: 2020ರ ಮೇ ತಿಂಗಳಲ್ಲಿ ಸ್ವಿಗ್ಗಿ 1,100 ಮಂದಿಯನ್ನು, ಓಲಾ 1,400 ಮಂದಿಯನ್ನು ಬಿಟ್ಟವು. ಸ್ವಿಗ್ಗಿ ತೆಗೆದವರಿಗೆ ಕನಿಷ್ಠ ಮೂರು ತಿಂಗಳ ಸಂಬಳ ಘೋಷಿಸಿತು. ಕಾಯ್ದೆ ಕೇಳುವುದಕ್ಕಿಂತ ಅದು ಹೆಚ್ಚೇ. ಆದರೆ ಊಟ ಹೊತ್ತು ತರುವವರು ‘ಪಾಲುದಾರ’ರಾದ್ದರಿಂದ ಅವರ ಆರ್ಡರು ಕಡಿಮೆಯಾದದ್ದು ಯಾವ ಲೇಆಫ್ ಪಟ್ಟಿಗೂ ಸೇರಲಿಲ್ಲ. ಓಲಾದ 1,400ರಲ್ಲೂ ಕ್ಯಾಬ್ ಓಡಿಸುವ ಒಬ್ಬ ಡ್ರೈವರ್ ಇಲ್ಲ.

ವಿಮಾನಯಾನ, ಹೋಟೆಲು, ಖಾಸಗಿ ಶಾಲೆಗಳಲ್ಲಿ ಸಂಬಳ ಕಡಿತ, ಸಂಬಳವಿಲ್ಲದ ರಜೆ ಸಾಮಾನ್ಯವಾಯಿತು. ಇಂಡಿಗೊ ಜುಲೈನಲ್ಲಿ ಶೇ 10ರಷ್ಟು ಸಿಬ್ಬಂದಿಯನ್ನು ಬಿಡುವುದಾಗಿ ಹೇಳಿತು. ಬ್ಯೂಲಿ ಕಂಡ ಅಮೆರಿಕದಲ್ಲಿ ಸಂಬಳ ಇಳಿಯಲಿಲ್ಲ. ಇಲ್ಲಿ ಧಾರಾಳವಾಗಿ ಇಳಿಯಿತು. ಬಿಟ್ಟು ಹೋಗಲು ಬೇರೆ ಜಾಗವಿಲ್ಲದಾಗ ಮನಸ್ಸು ಮುರಿದವರೂ ಕೂತಲ್ಲೇ ಕೂರುತ್ತಾರೆ, ಅಷ್ಟೆ. ಜಾಗ ಸಿಕ್ಕಾಗ ಏನಾಗುತ್ತದೆಂಬುದೂ ಬೇಗ ಗೊತ್ತಾಯಿತು. ಬೇಡಿಕೆ ಚಿಮ್ಮಿದ 2022ರ ಜನವರಿ–ಮಾರ್ಚ್‌ನಲ್ಲಿ ಇನ್ಫೊಸಿಸ್‌ನಲ್ಲಿ ಕೆಲಸ ಬಿಟ್ಟವರ ವಾರ್ಷಿಕ ಪ್ರಮಾಣ ಶೇ 27.7 ತಲುಪಿತು.

ಕರ್ನಾಟಕ

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಹಾಯವೂ ಇಲ್ಲ ಎಂಬುದು ಕರ್ನಾಟಕದಲ್ಲಿ ಚೆನ್ನಾಗಿ ಕಂಡಿತು. 2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಕ್ಷೌರಿಕರು, ಅಗಸರು, ಆಟೊ-ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಯಾಗಿದ್ದವರು 15.8 ಲಕ್ಷ, ಮೊದಲು ಕೊಟ್ಟ 2,000 ರೂಪಾಯಿ ಆ ಹೊತ್ತಿಗೆ ಮುಟ್ಟಿದ್ದು 11.8 ಲಕ್ಷ ಮಂದಿಗೆ. ಉಳಿದವರ ಬ್ಯಾಂಕ್ ಖಾತೆ ಪರಿಶೀಲನೆಯಲ್ಲಿತ್ತು. ಬಿಹಾರ, ಒಡಿಶಾದಿಂದ ಬಂದು ಶೆಡ್ಡಿನಲ್ಲಿದ್ದವರಲ್ಲಿ ಬಹಳಷ್ಟು ಜನರ ಹೆಸರು ಮಂಡಳಿಯಲ್ಲೇ ಇರಲಿಲ್ಲ.

ಅದೇ ವಾರ ಇನ್ನೊಂದು ಘಟನೆ. ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳನ್ನು ರಾಜ್ಯ ಸರ್ಕಾರ ಬಿಲ್ಡರ್‌ಗಳೊಂದಿಗಿನ ಸಭೆಯ ಬೆನ್ನಿಗೇ ರದ್ದು ಮಾಡಿತು, ದೇಶದಾದ್ಯಂತ ಟೀಕೆ ಬಂದ ಮೇಲೆ ಎರಡು ದಿನದಲ್ಲಿ ಮತ್ತೆ ಬಿಟ್ಟಿತು. ಸಂಬಳ ಕೊಡಲು ಯಾರೂ ಮುಂದೆ ಬಾರದ ಕಡೆ ಕೆಲಸಗಾರ ಮಾತ್ರ ಊರು ಬಿಡಬಾರದೆಂಬ ನಿಲುವಿಗೆ ಯಾವ ಸಮರ್ಥನೆಯೂ ಇರಲಿಲ್ಲ. ಮೇ 22ರಂದು ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಏರಿಸಿದ ಅಧಿಸೂಚನೆಯೂ ಜೂನ್‌ನಲ್ಲಿ ವಾಪಸಾಯಿತು. ಇಂಥದ್ದೇ ಗುಜರಾತಿನ ಅಧಿಸೂಚನೆಯನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು.

ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆಯೊಂದು ವಿದೇಶಿ ಆರ್ಡರು ಕಡಿಮೆಯಾದ ಕಾರಣ ಕೊಟ್ಟು ಸುಮಾರು 1,200 ಮಂದಿಗೆ, ಬಹುತೇಕ ಹೆಂಗಸರಿಗೆ, ಲೇಆಫ್ ಘೋಷಿಸಿತು. ಪೂರ್ವಾನುಮತಿ ಎಲ್ಲಿ ಎಂದು ಕೇಳಿ ಅವರು ಕಾರ್ಖಾನೆಯೊಳಗೇ ವಾರಗಟ್ಟಲೆ ಧರಣಿ ಕೂತರು; ಮರುನೇಮಕದ ಒಪ್ಪಂದವಾಗುವಾಗ ಮರುವರ್ಷ ಬಂದಿತ್ತು. ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್‌ನಲ್ಲಿ ಕೆಲಸದ ಒತ್ತಡ ಮತ್ತು ಒಬ್ಬ ನೌಕರನ ಅಮಾನತಿನ ಸುತ್ತ ಎದ್ದ ಜಗಳ ಲಾಕೌಟ್‌ಗೆ ತಿರುಗಿ ಮಾರ್ಚ್ ತನಕ ಎಳೆಯಿತು.

ಮಾನವ ಸಂಪನ್ಮೂಲ ನಿರ್ವಹಣೆಯ ಪಾಠಪುಸ್ತಕಕ್ಕೆ ಸೇರಬೇಕಾದದ್ದು ಕೋಲಾರ ಜಿಲ್ಲೆಯ ನರಸಾಪುರ. ಐಫೋನ್ ಜೋಡಿಸುವ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ಪಾಳಿ ಮುಗಿಸಿದ ಕೆಲಸಗಾರರು ಗಾಜು, ಯಂತ್ರ, ವಾಹನ ಒಡೆದರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಕಾರ್ಖಾನೆಗಳ ಇಲಾಖೆಯ ತಪಾಸಣಾ ವರದಿ ಒಡೆದ ಗಾಜಿನ ಹಿಂದಿನದನ್ನು ನೋಡಿತು. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ ಸುಮಾರು 10,500ಕ್ಕೆ ಏರಿತ್ತು. ಬಹುಪಾಲು ಜನ ಗುತ್ತಿಗೆದಾರರ ಮೂಲಕ ಬಂದವರು. ಪಾಳಿ 12 ಗಂಟೆಗೆ ಹಿಗ್ಗಿತ್ತು, ಹಾಜರಿಯ ಯಂತ್ರ ಸರಿಯಾಗಿ ಲೆಕ್ಕ ಹಿಡಿಯುತ್ತಿರಲಿಲ್ಲ, ಬಂದ ಸಂಬಳ ಹೇಳಿದ್ದಕ್ಕಿಂತ ಕಡಿಮೆ. ಕಾರ್ಮಿಕ ಕಾನೂನು ಬಲ್ಲವರ ಮಾನವ ಸಂಪನ್ಮೂಲ ವಿಭಾಗವನ್ನೇ ಸಂಸ್ಥೆ ಸಮರ್ಪಕವಾಗಿ ಕಟ್ಟಿರಲಿಲ್ಲ ಎಂದು ವರದಿ ಬರೆಯಿತು. ಹಿಂಜರಿತದ ವರ್ಷ ಕೆಲಸಕ್ಕೆ ಜನ ಸಾಲುಗಟ್ಟಿದ್ದರು. ಸಿಗುತ್ತಾರೆಂಬ ಧೈರ್ಯದಲ್ಲಿ ಲೆಕ್ಕವಿಡುವವರನ್ನು ನೇಮಿಸುವುದು ಯಾರಿಗೂ ತುರ್ತೆನಿಸಲಿಲ್ಲ. ಒಂದು ವಾರದಲ್ಲಿ ಆಪಲ್ ಹೊಸ ಆರ್ಡರು ನಿಲ್ಲಿಸಿ ವಿಸ್ಟ್ರಾನನ್ನು ಪರೀಕ್ಷಾವಧಿಯಲ್ಲಿಟ್ಟಿತು. ಘಟಕ 2023ರಲ್ಲಿ ಟಾಟಾ ಸಮೂಹಕ್ಕೆ ಹೋಯಿತು.

ನಂತರದ ಬದಲಾವಣೆಗಳು

2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧ ಸಂಹಿತೆ ಪೂರ್ವಾನುಮತಿಯ ಮಿತಿಯನ್ನು ಮತ್ತೆ 300ಕ್ಕೆ ಏರಿಸಿತು. ಹಾಗಾಗಿ ಅದಕ್ಕಿಂತ ಸಣ್ಣ ಕಾರ್ಖಾನೆಗಳಲ್ಲಿ ಜನರನ್ನು ತೆಗೆಯುವುದು ಸುಲಭವಾಯಿತು. ಬದಲಿಗೆ, ತೆಗೆದವರ ಮರುತರಬೇತಿಗೆ ಮಾಲೀಕ 15 ದಿನದ ವೇತನ ಕಟ್ಟಬೇಕು. ಅದರ ಜೊತೆಯ ಸಾಮಾಜಿಕ ಭದ್ರತಾ ಸಂಹಿತೆ, ‘ಪಾಲುದಾರ’ರೆನಿಸಿಕೊಂಡು ಊಟ ತರುವ, ಕ್ಯಾಬ್ ಓಡಿಸುವವರಂಥ ಗಿಗ್ ಕೆಲಸಗಾರರನ್ನು ಮೊದಲ ಬಾರಿಗೆ ಕಾನೂನಿನೊಳಗೆ ಹೆಸರಿಸಿತು. ಇವೆರಡೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅದಕ್ಕೆ ಸ್ವಲ್ಪ ಮೊದಲು ಕರ್ನಾಟಕ ತನ್ನದೇ ಕಾಯ್ದೆ ಮಾಡಿ, ಗಿಗ್ ಕೆಲಸಗಾರರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡಲು ದಾರಿ ಮಾಡಿತು. ಅಸಂಘಟಿತರ ನೋಂದಣಿಗಾಗಿ 2021ರ ಆಗಸ್ಟ್‌ನಲ್ಲಿ ತೆರೆದ ಇ-ಶ್ರಮ್‌ನಲ್ಲಿ 30 ಕೋಟಿಗೂ ಹೆಚ್ಚು ಹೆಸರುಗಳಿವೆ. ಹೆಸರಿನ ಹಿಂದೆ ನಿರುದ್ಯೋಗ ವಿಮೆ ಇನ್ನೂ ಇಲ್ಲ.

ಅಂಕಿಗಳಲ್ಲಿ ಮಾತ್ರ ಒಂದು ಸುಧಾರಣೆ ಆಗಿದೆ. 2020ರಲ್ಲಿ ಗ್ರಾಮೀಣ ನಿರುದ್ಯೋಗದ ಸರ್ಕಾರಿ ಲೆಕ್ಕ ವರ್ಷಕ್ಕೊಮ್ಮೆ, ಅದೂ ತಡವಾಗಿ ಬರುತ್ತಿತ್ತು. 2025ರ ಜನವರಿಯಿಂದ ಶ್ರಮಿಕ ಬಲ ಸಮೀಕ್ಷೆಯನ್ನು ಮರುರೂಪಿಸಲಾಗಿದ್ದು, ಆ ವರ್ಷದ ಮೇ ತಿಂಗಳಿನಿಂದ ಹಳ್ಳಿ-ನಗರ ಎರಡರ ಅಂಕಿಗಳೂ ಪ್ರತಿ ತಿಂಗಳು ಪ್ರಕಟವಾಗುತ್ತಿವೆ.